ನಾಲ್ವರು ಕೂತ ಮೇಲೆ ಬಿಗಿಯುವ ನಟ್ಟು

ಬಾಕು ನಗರದ ಪಕ್ಕದ ಮಷ್ತಾಗಾದ ನಮ್ಮ ಓಣಿಯಲ್ಲಿ ಯಾವ ಹುಡುಗ ಝಿಗುಲಿ ಕಾರು ಕೊಂಡರೂ ಮೊದಲು ಅದನ್ನು ಅಮ್ಮನಿಗೆ ತೋರಿಸುತ್ತಾನೆ, ಆಮೇಲೆ ಆಗಾಬಾಲಾನಿಗೆ. ಅಮ್ಮ ಬಣ್ಣ ನೋಡಿ, ದೃಷ್ಟಿಯಾಗದಿರಲೆಂದು ಕನ್ನಡಿಗೆ ನೀಲಿ ಮಣಿ ಕಟ್ಟುತ್ತಾಳೆ. ಆಗಾಬಾಲಾ ಬಣ್ಣದ ಗೊಡವೆಗೆ ಹೋಗುವುದಿಲ್ಲ. ತನ್ನ ಮನೆಯ ಗೇಟಿನ ಬಳಿ ಕುಕ್ಕರುಗಾಲಿನಲ್ಲಿ ಕೂತು, ಕಾರಿನ ಹೊಟ್ಟೆಗೂ ನೆಲಕ್ಕೂ ನಡುವಿನ ಸಂದಿಯನ್ನು ಒಂದು ಕಣ್ಣು ಮುಚ್ಚಿ ನೋಡಿ, "ಇದರಡಿ ಕುರಿಮಂದೆ ನುಗ್ಗಿ ಆಚೆ ಹೋಗುತ್ತಲ್ಲೋ!" ಎನ್ನುತ್ತಾನೆ. ಹುಡುಗ ನಾಚಿ ತಲೆ ಕೆರೆದುಕೊಳ್ಳುತ್ತಾನೆ. ಮುಂದಿನ ವಾರ ಹೊಸ ಸ್ಪ್ರಿಂಗ್ ಹೊತ್ತುಕೊಂಡು ಬಂದು ಅದೇ ಗೇಟು ತಟ್ಟುತ್ತಾನೆ.

ನಮ್ಮಲ್ಲಿ ಕಾರು ನೆಲಕ್ಕೆ ತಗ್ಗಿರಬೇಕು. ಯಾಕೆ ಎಂದು ಕೇಳಿದರೆ ಯಾರ ಬಳಿಯೂ ಸರಿಯಾದ ಉತ್ತರವಿಲ್ಲ. ಮೀಸೆ ಯಾಕೆ ಬಿಟ್ಟಿದ್ದೀರಿ ಎಂದು ಕೇಳಿದರೆ ಏನು ಹೇಳುತ್ತಾರೆ? ಹಾಗೆಯೇ ಇದೂ. ಎತ್ತರದ ಕಾರು ಟೊಮೇಟೊ ಸಾಗಿಸುವುದಕ್ಕೆ, ತಗ್ಗಿದ ಕಾರು ಮದುವೆಯಾಗುವುದಕ್ಕೆ ಎಂಬುದು ಹುಡುಗರ ಲೆಕ್ಕಾಚಾರ. ಬಾಕುವಿನ ಕಡೆಗೆ ಸಾಲಾಗಿ ಹೊರಟ ಬಿಳಿ ಝಿಗುಲಿಗಳನ್ನು ನೋಡಿದರೆ ಅಷ್ಟೂ ಕಾರುಗಳು ಹೊಟ್ಟೆ ತುಂಬ ಉಂಡು ಹೊರಟಂತಿರುತ್ತವೆ.

ಆಗಾಬಾಲಾ ಬಹಳ ವರ್ಷ ಬಾಕುವಿಗೆ ವ್ಯಾನು ಓಡಿಸಿದವನು. ಸೊಂಟ ಕೈಕೊಟ್ಟ ಮೇಲೆ ಮನೆಯಲ್ಲಿ ಕೂತ. ಕೂತ ಎಂದರೆ ಹೆಂಡತಿ ನಿಸಾ ನಗುತ್ತಾಳೆ, ಏಕೆಂದರೆ ಅವನು ಕೂತಿದ್ದನ್ನು ಅವಳು ನೋಡಿಯೇ ಇಲ್ಲ. ಒಂದೋ ಕಾರಿನಡಿ ಮಲಗಿರುತ್ತಾನೆ, ಇಲ್ಲವೇ ಅಂಗಳದ ಗುಂಡಿಯಲ್ಲಿ ನಿಂತಿರುತ್ತಾನೆ. ದ್ರಾಕ್ಷಿ ಚಪ್ಪರದ ಕೆಳಗಿನ ಆ ಗುಂಡಿಯನ್ನು ಅವನೂ ಅವನ ಅಣ್ಣನೂ ಅಪ್ಪನ ಜೊತೆ ಸೇರಿ ಅಗೆದದ್ದು, ಅಪ್ಪನ ಪುಟ್ಟ ಕಾರಿನ ಅಳತೆಗೆ. ಝಿಗುಲಿ ಅದಕ್ಕಿಂತ ಉದ್ದ. ಹೀಗಾಗಿ ಆಗಾಬಾಲಾ ಮೊದಲು ಗುಂಡಿಗಿಳಿಯಬೇಕು, ಆಮೇಲೆ ಕಾರನ್ನು ಅವನ ನೆತ್ತಿಯ ಮೇಲೆ ತಳ್ಳಿ ತರಬೇಕು. ಕೆಲಸ ಮುಗಿದ ಮೇಲೆ ಕಾರನ್ನು ಹಿಂದಕ್ಕೆ ತಳ್ಳಿದರೇ ಅವನು ಹೊರಗೆ ಬರುವುದು.

ಅವನಿಗೆ ಒಂದೆರಡು ಹಟಗಳಿದ್ದವು. ಇದ್ದ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿ ಕಾರು ತಗ್ಗಿಸುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಅಂಥವನು ಗೇಟಿಗೆ ಬಂದರೆ ಚಹಾ ಕೊಡುತ್ತಿರಲಿಲ್ಲ. ಬಂದವನಿಗೆ ಚಹಾ ಕೊಡದೆ ಕಳಿಸುವುದೆಂದರೆ ನಮ್ಮಲ್ಲಿ ಕಪಾಳಕ್ಕೆ ಹೊಡೆದು ಕಳಿಸಿದ ಹಾಗೆ. "ಕತ್ತರಿಸಿದ ಸ್ಪ್ರಿಂಗು ಹಳ್ಳಕ್ಕೆ ಚಕ್ರ ಇಳಿದಾಗ ಜಾಗ ಬಿಟ್ಟು ಜಾರುತ್ತೆ ಕಣೋ. ಆಮೇಲೆ ನಿಮ್ಮಮ್ಮ ನನ್ನ ಗೇಟಿಗೆ ಬಂದು ಎದೆ ಬಡ್ಕೋಬೇಕಾ?" ಎಂದು ಬಯ್ದು, ಗಿಡ್ಡವಾಗಿಯೇ ಹುಟ್ಟಿದ ಒಳ್ಳೆ ಸ್ಪ್ರಿಂಗ್ ತರಲು ಅಟ್ಟುತ್ತಿದ್ದ.

ಇನ್ನೊಂದು ಹಟ ನಾಲ್ವರದು. ಸ್ಪ್ರಿಂಗ್ ಹಾಕುವುದಕ್ಕೆ ಅಚ್ಚನ್ನೂ ಚಕ್ರ ಹಿಡಿದ ತೋಳುಗಳನ್ನೂ ಸಡಿಲಿಸಬೇಕು. ಆ ಕೀಲುಗಳಲ್ಲೆಲ್ಲ ರಬ್ಬರಿನ ಬಳೆಯಂಥ ಬುಶ್ಶುಗಳಿರುತ್ತವೆ. ಕಾರು ಜಾಕಿಯ ಮೇಲೆ ಕಾಲು ಇಳಿಬಿಟ್ಟು ನೇತಾಡುತ್ತಿರುವಾಗ ನಟ್ಟು ಬಿಗಿದರೆ ರಬ್ಬರು ಅದೇ ಭಂಗಿಯಲ್ಲಿ ಸಿಕ್ಕಿಬೀಳುತ್ತದೆ. ಕಾರು ನೆಲಕ್ಕಿಳಿದು ಜನ ಕೂತಾಗ ತಿರುಚಿಕೊಳ್ಳುತ್ತದೆ, ಚಳಿಗಾಲ ಕಳೆಯುವುದರೊಳಗೆ ಹರಿಯುತ್ತದೆ. ಆದ್ದರಿಂದ ಕಾರನ್ನು ಚಕ್ರದ ಮೇಲೆ ನಿಲ್ಲಿಸಿ, ಒಳಗೆ ನಾಲ್ಕು ಜನರನ್ನು ಕೂರಿಸಿ, ಅದು ಬಾಳಲಿರುವ ಎತ್ತರದಲ್ಲಿ ಅದನ್ನು ನಿಲ್ಲಿಸಿಯೇ ನಟ್ಟು ಬಿಗಿಯಬೇಕು. ಅವಸರದ ಜನ ಇದನ್ನು ಮಾಡುವುದಿಲ್ಲ. ಆಗಾಬಾಲಾನಿಗೆ ಇದೇ ಇಡೀ ಕೆಲಸದ ಪ್ರಾಣ.

ಹಾಗಾಗಿ ಭಾನುವಾರ ಓಣಿಯಲ್ಲಿ "ಕೂರೋಕೆ ಬನ್ರೋ!" ಎಂಬ ಕೂಗು ಕೇಳಿದರೆ ಏನೆಂದು ಯಾರೂ ಕೇಳುತ್ತಿರಲಿಲ್ಲ. ಅಕ್ಕಪಕ್ಕದವರು ಬಂದು ನಿಂತ ಕಾರಿನಲ್ಲಿ ಕೂರುತ್ತಿದ್ದರು. ನಿಸಾ ಕಿಟಕಿಯಿಂದ ಚಹಾದ ಲೋಟ, ಸಕ್ಕರೆ ತುಂಡು, ಹಿಪ್ಪುನೇರಳೆ ಹಣ್ಣಿನ ಮುರಬ್ಬ ಒಳಗೆ ಕೊಡುತ್ತಿದ್ದಳು. ಕೆಳಗೆ ಆಗಾಬಾಲಾ ಪಾನಾ ತಿರುಗಿಸುತ್ತಿದ್ದರೆ ಮೇಲೆ ಊರಿನ ಸಮಾಚಾರವೆಲ್ಲ ತಿರುಗುತ್ತಿತ್ತು. ಅವನ ಒಬ್ಬಳೇ ಮಗಳು ಸೆನೆಮ್‌ಗೆ ಔಷಧಿ ಅಂಗಡಿಯ ಎದುರುಮನೆ ಹುಡುಗ ಉಲ್ವಿ ಆಗಬಹುದಲ್ಲ ಎಂದು ಓಣಿಯ ಹಿರಿಯ ಅಲೆಕ್ಬರ್ ಮಾಮ ಮೊದಲು ಬಾಯಿಬಿಟ್ಟದ್ದೂ ಹಾಗೆ ಯಾರದೋ ಕಾರಿನ ಮುಂದಿನ ಸೀಟಿನಲ್ಲಿ ಕೂತೇ. ಕೆಳಗಿನಿಂದ ಆಗಾಬಾಲಾ, "ಮಾಮ, ನಟ್ಟು ಬಿಗೀತಿರುವಾಗ ನನ್ನ ಕೈ ನಡುಗಿಸಬೇಡ" ಎಂದಿದ್ದ. ಬೇಡ ಎಂದಿರಲಿಲ್ಲ. ಉಲ್ವಿಗೆ ಅಷ್ಟೇ ಸಾಕಾಯಿತು.

ಎಲ್ಲ ಚೆನ್ನಾಗಿತ್ತು. ಆದರೆ ಅಂಗಳದ ಗೋಡೆಯ ಆಚೆ ಬಾಬಾಖಾನ್ ಇದ್ದ.

ಬಾಬಾಖಾನ್ ಆಗಾಬಾಲಾನ ಅಣ್ಣ. ಹೆಂಡತಿ ತೀರಿಕೊಂಡಿದ್ದಳು, ಮಗಳು ಮದುವೆಯಾಗಿ ಹೋಗಿದ್ದಳು. ಗಾಜಿನ ಮನೆಯಲ್ಲಿ ಕಾರ್ನೇಶನ್ ಹೂ ಬೆಳೆದುಕೊಂಡಿದ್ದ. ತಮ್ಮ ಬಿದಿರುಕಡ್ಡಿಯಂತಿದ್ದರೆ ಅಣ್ಣ ಎರಡಾಳು ಗಾತ್ರ. ಇಬ್ಬರೂ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಆಸ್ತಿಗಲ್ಲ, ಹೆಣ್ಣಿಗಲ್ಲ, ಒಂದು ನರ್ದ್ ಆಟಕ್ಕೆ.

ನರ್ದ್ ಎಂದರೆ ದಾಳ ಹಾಕಿ ಹಲಗೆಯ ಮೇಲೆ ಕಾಯಿ ನಡೆಸುವ ಆಟ. ಚಹಾದಂಗಡಿಯಲ್ಲಿ ದಿನವಿಡೀ ಅದೇ. ಹೀನಾಯವಾಗಿ ಸೋತವನ ಕಂಕುಳಿಗೆ ಗೆದ್ದವನು ಹಲಗೆಯನ್ನು ಮಡಚಿ ಸಿಕ್ಕಿಸಿ, "ಹೋಗು, ಕಲಿತುಕೊಂಡು ಬಾ" ಎನ್ನುವುದು ನಮ್ಮ ಕಡೆಯ ಚೇಷ್ಟೆ. ಗೆಳೆಯರ ನಡುವೆ ಅದಕ್ಕೆ ನಗುತ್ತಾರೆ. ಅವತ್ತು ಬಾಬಾಖಾನನ ಹೊಸ ಬೀಗರು ಮೊದಲ ಸಲ ಚಹಾದಂಗಡಿಗೆ ಬಂದಿದ್ದರು. ಅಣ್ಣತಮ್ಮಂದಿರು ಆಡಿದರು. ಅಣ್ಣ ಒಂದು ಕಾಯಿಯನ್ನೂ ಮನೆ ಮುಟ್ಟಿಸಲಾಗದೆ ಸೋತ. ಗೆದ್ದ ಅಮಲಿನಲ್ಲಿ ಆಗಾಬಾಲಾ ಹಲಗೆ ಮಡಚಿ, ಎದುರಿಗಿರುವುದು ಸ್ವಂತ ಅಣ್ಣ, ಪಕ್ಕದಲ್ಲಿರುವವರು ಅವನ ಬೀಗರು ಎಂಬುದನ್ನು ಮರೆತು, ಅಣ್ಣನ ಕಂಕುಳಿಗೆ ಸಿಕ್ಕಿಸಿ ಆ ಮಾತು ಹೇಳಿಬಿಟ್ಟ.

ಅಂಗಡಿಯೇ ನಕ್ಕಿತು. ಬೀಗರೂ ನಕ್ಕರು. ಬಾಬಾಖಾನ್ ಎದ್ದು, ಹಲಗೆಯನ್ನು ಕಂಕುಳಲ್ಲಿಯೇ ಹಿಡಿದು ಬೀಗರ ಜೊತೆ ಮನೆಗೆ ನಡೆದ. ಅಷ್ಟೇ. ಅವತ್ತಿನಿಂದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಎದುರಾದರೆ ಒಬ್ಬ ಗೋಡೆ ನೋಡುತ್ತಿದ್ದ, ಇನ್ನೊಬ್ಬ ಮೋಡ ನೋಡುತ್ತಿದ್ದ.

ಜಗಳ ಗಂಡಸರದು, ಹೆಂಗಸರು ಅದಕ್ಕೆ ಸೊಪ್ಪು ಹಾಕಿರಲಿಲ್ಲ. ಅಂಗಳದ ಗೋಡೆಯಲ್ಲಿ ಅಪ್ಪನ ಕಾಲದ ಸಣ್ಣ ಬಾಗಿಲೊಂದಿತ್ತು. ಸೆನೆಮ್ ಅದರಿಂದ ದೊಡ್ಡಪ್ಪನ ಮನೆಗೆ ಹೋಗುತ್ತಿದ್ದಳು, ಅಂಜೂರದ ಮೊದಲ ಹಣ್ಣು ತರುತ್ತಿದ್ದಳು. ಆಗಾಬಾಲಾ ಎಲ್ಲಿಂದ ಬಂತು ಎಂದು ಕೇಳದೆ ಆ ಹಣ್ಣು ತಿನ್ನುತ್ತಿದ್ದ.

ಈಗ ಸೆನೆಮ್ ಮತ್ತು ಉಲ್ವಿಯ ಮದುವೆ ಹತ್ತಿರ ಬಂದಿತ್ತು. ಮದುಮಗಳು ತವರಿನ ಬಾಗಿಲು ದಾಟುವ ಮುನ್ನ ಅವಳ ಸೊಂಟಕ್ಕೆ ಕೆಂಪು ಪಟ್ಟಿ ಕಟ್ಟಬೇಕು. ಕಟ್ಟುವವನು ಅಣ್ಣ ಅಥವಾ ತಮ್ಮ. ಸೆನೆಮ್‌ಗೆ ಯಾರೂ ಇಲ್ಲ. ಆಗ ದೊಡ್ಡಪ್ಪನೇ ಕಟ್ಟಬೇಕು. ಆದರೆ ಬಾಬಾಖಾನ್ ಕರೆಯದೆ ಬರುವವನಲ್ಲ, ಆಗಾಬಾಲಾ ಹೋಗಿ ಕರೆಯುವವನಲ್ಲ.

"ಕಾರ್ಡು ಕಳಿಸ್ತೀನಿ" ಎಂದಿದ್ದ ಆಗಾಬಾಲಾ.

"ಒಡಹುಟ್ಟಿದವನಿಗೆ ಕಾರ್ಡಾ?" ಎಂದಿದ್ದಳು ನಿಸಾ. "ಕಳಿಸಿ, ಕಳಿಸಿ. ಅದರ ಜೊತೆ ನಿಮ್ಮ ಹೆಸರೂ ಬರೆದು ಕಳಿಸಿ, ಯಾರು ಅಂತ ಗೊತ್ತಾಗ್ಲಿ."

ಸುಮ್ಗಾಯಿತ್ ಊರಿನಲ್ಲಿರುವ ತನ್ನ ತಂಗಿಯ ಮಗ ಕಟ್ಟಬಹುದು ಎಂದ ಆಗಾಬಾಲಾ. ಸೆನೆಮ್ ಜಗಳವಾಡಲಿಲ್ಲ. ಅಪ್ಪನ ಮುಂದೆ ಚಹಾ ಇಟ್ಟು ಹೇಳಿದಳು: "ದೊಡ್ಡಪ್ಪ ಕಟ್ಟಿದ್ರೆ ಕಟ್ಲಿ. ಇಲ್ಲದಿದ್ರೆ ಯಾರೂ ಕಟ್ಟೋದು ಬೇಡ. ಬರಿಸೊಂಟದಲ್ಲೇ ಹೋಗ್ತೀನಿ." ತಂದೆಯ ಮನೆಯಿಂದ ಪಟ್ಟಿಯಿಲ್ಲದೆ ಹೊರಟ ಹುಡುಗಿಯ ಮಾತನ್ನು ನಮ್ಮ ಓಣಿ ಅವಳ ಮೊಮ್ಮಕ್ಕಳ ಕಾಲಕ್ಕೂ ಆಡುತ್ತದೆ. ಅದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವತ್ತು ಆಗಾಬಾಲಾ ಊಟ ಅರ್ಧಕ್ಕೆ ಬಿಟ್ಟು ಗುಂಡಿಗಿಳಿದು, ಅಲ್ಲಿ ಮಾಡಲು ಏನೂ ಕೆಲಸವಿಲ್ಲದಿದ್ದರೂ ಬಹಳ ಹೊತ್ತು ನಿಂತಿದ್ದ.

ಹೀಗಿರುವಾಗ ಉಲ್ವಿ ತನ್ನ ಬಿಳಿ ಝಿಗುಲಿ ತಂದು ನಿಲ್ಲಿಸಿದ. ಮದುವೆಯ ದಿನ ಅದೇ ಕಾರಿನಲ್ಲಿ ಸೆನೆಮ್‌ಳನ್ನು ಕರೆದುಕೊಂಡು ಹೋಗಬೇಕು, ಅದು ತಗ್ಗಿರಬೇಕು. ಸ್ಪ್ರಿಂಗ್ ತಾನೇ ತಂದಿದ್ದ, ಕತ್ತರಿಸಿದ್ದಲ್ಲ, ಒಳ್ಳೆಯವು. ಆಗಾಬಾಲಾ ಅವನ್ನು ಒಂದೊಂದಾಗಿ ಕೈಯಲ್ಲಿ ತೂಗಿ, ಉಗುರಿನಿಂದ ಬಣ್ಣ ಕೆರೆದು, "ಪರವಾಗಿಲ್ಲ, ಮಗಳಿಗೆ ತಲೆಯಿರೋ ಗಂಡೇ ಸಿಕ್ಕಿದ್ದಾನೆ" ಎಂದ. ಉಲ್ವಿ ಕಿವಿಯವರೆಗೂ ಕೆಂಪಾದ. ನಿಶ್ಚಯವಾದ ಹುಡುಗ ಹುಡುಗಿಯ ಮನೆಗೆ ಹೀಗೆ ದಿನವೂ ಬರುವಂತಿಲ್ಲ. ಸ್ಪ್ರಿಂಗ್ ಹಾಕಿಸಲು ಬಂದರೆ ಯಾರೂ ಏನೂ ಅನ್ನುವಂತಿಲ್ಲ. ಅವನು ಬರುವಾಗಲೆಲ್ಲ ಸೆನೆಮ್‌ಗೂ ಚಪ್ಪರದ ಕೆಳಗೆ ಎಲೆ ಗುಡಿಸುವ ಕೆಲಸ ಬೀಳುತ್ತಿತ್ತು.

ಮಾವ ಅಳಿಯ ಸೇರಿ ಕೆಲಸ ಶುರುಮಾಡಿದರು. ಮುಂದಿನ ಚಕ್ರ ಬಿಚ್ಚಿ, ಶಾಕ್ ಅಬ್ಸಾರ್ಬರ್ ಹೊರಗೆಳೆದು, ಕೆಳತೋಳಿಗೆ ಜಾಕಿ ಕೊಟ್ಟರು. ಸ್ಪ್ರಿಂಗನ್ನು ಎರಡು ತಿರುಪುಗಳಿಂದ ಅಮುಕಿ, ಮೇಲೆ ಸರಪಣಿಯನ್ನೂ ಸುತ್ತಿದರು.

"ಸರಪಣಿ ಯಾಕೆ ಮಾವ? ತಿರುಪು ಗಟ್ಟಿಯಾಗೇ ಇದೆಯಲ್ಲ?"

"ತಿರುಪಿನ ಮೇಲೆ ನನಗೆ ನಂಬಿಕೆ ಇದೆ. ಸ್ಪ್ರಿಂಗಿನ ಮೇಲಿಲ್ಲ. ಒಳಗೊಳಗೇ ಸಿಟ್ಟು ಅದುಮಿಟ್ಟುಕೊಂಡಿರೋದರ ಎದುರಿಗೆ ನಿಲ್ಲಬಾರದು, ಪಕ್ಕದಲ್ಲಿ ನಿಲ್ಲಬೇಕು."

"ನಿಮ್ಮ ಪಕ್ಕದಲ್ಲಿ ನಾನು ನಿಂತಿರೋ ಹಾಗೆ" ಎಂದಳು ಒಗೆದ ಬಟ್ಟೆ ಹರವುತ್ತಿದ್ದ ನಿಸಾ. ಉಲ್ವಿ ನಗಲೋ ಬೇಡವೋ ತಿಳಿಯದೆ ಕೆಮ್ಮಿದ.

ಹಳೆಯದನ್ನು ತೆಗೆದು, ಗಿಡ್ಡನೆಯದನ್ನು ರಬ್ಬರಿನ ಪೀಠದಲ್ಲಿ ತುದಿ ಸರಿಯಾಗಿ ಕೂರುವಂತೆ ಇಟ್ಟು, ಜಾಕಿಯಿಂದ ತೋಳನ್ನು ಮೆಲ್ಲಗೆ ಎತ್ತಿದರು. ಹಿಂದಿನವು ಸುಲಭ. ಶಾಕ್ ಅಬ್ಸಾರ್ಬರಿನ ಕೆಳಬೋಲ್ಟು ಬಿಚ್ಚಿ ಬಾಡಿಯನ್ನು ಎತ್ತಿದರೆ ಸ್ಪ್ರಿಂಗು ಕೈಗೇ ಬರುತ್ತದೆ. ಕೀಲಿನ ನಟ್ಟುಗಳನ್ನೆಲ್ಲ ಬೆರಳಿನ ಬಿಗಿಗಷ್ಟೇ ಬಿಟ್ಟು, ಭಾನುವಾರ ಕೂರಿಸುವ ಶಾಸ್ತ್ರ ಎಂದು ನಿಶ್ಚಯವಾಯಿತು.

ಭಾನುವಾರ ಕಡಲಿನ ಕಡೆಯಿಂದ ಗಾಳಿ ಎದ್ದಿತ್ತು. ಆಗಾಬಾಲಾ ಗುಂಡಿಗಿಳಿದ. ಉಲ್ವಿ ಕಾರನ್ನು ಅವನ ತಲೆಯ ಮೇಲೆ ತಳ್ಳಿ ತಂದ. ಬಿಳಿ ಝಿಗುಲಿ ಗುಂಡಿಯ ಎರಡೂ ತುದಿಯನ್ನು ಮುಚ್ಚಿತು. ಬಂಪರಿನ ಕೆಳಗೆ ಕೈ ತೂರುವಷ್ಟು ಬೆಳಕು ಮಾತ್ರ ಉಳಿಯಿತು.

"ಕೂರೋಕೆ ಬನ್ರೋ!" ಎಂದು ಕೂಗಿದ ಆಗಾಬಾಲಾ.

ಅಲೆಕ್ಬರ್ ಮಾಮ ಒಬ್ಬನೇ ಬಂದು ಮುಂದಿನ ಸೀಟಿನಲ್ಲಿ ಕೂತ. ಎಣ್ಣೆಬಾವಿಯಲ್ಲಿ ದುಡಿದು ನಿವೃತ್ತನಾದ ಮುದುಕ, ಒಣಗಿದ ಮೀನಿನಷ್ಟು ತೂಕ. ಉಲ್ವಿ ಸ್ಟಿಯರಿಂಗ್ ಹಿಡಿದು ಕೂತ. ಮತ್ತೆ ಯಾರೂ ಬರಲಿಲ್ಲ.

"ಓಣಿಯವರಿಗೆಲ್ಲ ಏನು ಬಂತು?" ಕೆಳಗಿನಿಂದ ಕೇಳಿದ ಆಗಾಬಾಲಾ.

"ಕೆಲವರು ಸಾವಿನ ಮನೆಗೆ ಹೋದ್ರು, ಕೆಲವರು ಸಂತೆಗೆ" ಎಂದಳು ನಿಸಾ, ಯಾರಿಗೂ ಮುಖ ಕೊಡದೆ. ಬೆಳಿಗ್ಗೆಯೇ ಮನೆಮನೆಗೆ ಹೋಗಿ ಇವತ್ತು ಯಾರೂ ಬರಕೂಡದು ಎಂದು ಕಟ್ಟಪ್ಪಣೆ ಮಾಡಿ ಬಂದವಳು ಅವಳೇ.

"ನೀನು ಕೂತ್ಕೋ. ಸೆನೆಮ್‌ಳನ್ನೂ ಕೂರಿಸು."

"ಮದುವೆಗೆ ಮುಂಚೆ ಮದುಮಗಳು ಆ ಕಾರಿನಲ್ಲಿ ಕೂರೋದೇ? ನಿಮಗೆ ಗುಂಡಿಯಲ್ಲಿ ಗಾಳಿ ಸಾಲದೆ ತಲೆ ಕೆಟ್ಟಿದೆಯಾ?"

"ಹಾಗಾದ್ರೆ ಸಿಮೆಂಟ್ ಮೂಟೆ ಇಡಿ."

"ಅದನ್ನ ನಿನ್ನೆ ನನ್ನ ತಮ್ಮ ಒಯ್ದ."

ನಿಸಾ ಹಿಂದಿನ ಸೀಟಿನ ಎಡಬದಿಯಲ್ಲಿ ಕೂತಳು. ಕಾರು ಒಂದು ಚೂರು ಇಳಿಯಿತು. ಸಾಲದು. ಆಗಾಬಾಲಾ ಪಾನಾ ಹಿಡಿದು ಕಾದ. ಅಷ್ಟರಲ್ಲಿ ಗೋಡೆಯ ಸಣ್ಣ ಬಾಗಿಲು ಕಿರುಗುಟ್ಟಿತು. ಸೆನೆಮ್‌ಳ ಹೆಜ್ಜೆ ಸಪ್ಪಳ ಹೋಯಿತು, ಬಂತು. ಬರುವಾಗ ಅದರ ಜೊತೆ ಇನ್ನೊಂದು ಹೆಜ್ಜೆಯಿತ್ತು. ಕಾರಿನ ಬಾಗಿಲು ತೆರೆಯಿತು. ಹಿಂದಿನ ಬಲಬದಿಯ ಸ್ಪ್ರಿಂಗು ನಿಟ್ಟುಸಿರಿಟ್ಟು ಕೂತಿತು, ಇಡೀ ಕಾರು ಆ ಕಡೆಗೆ ವಾಲಿತು, ತಗಡಿನ ಹೊಟ್ಟೆ ಆಗಾಬಾಲಾನ ಮೂಗಿನ ಹತ್ತಿರಕ್ಕೆ ಬಂತು.

ಯಾರೂ ಹೆಸರು ಹೇಳಬೇಕಾಗಿರಲಿಲ್ಲ. ಸ್ಪ್ರಿಂಗನ್ನು ಅಷ್ಟು ಕೂರಿಸುವ ಮನುಷ್ಯ ಮಷ್ತಾಗಾದಲ್ಲಿ ಒಬ್ಬನೇ ಇದ್ದದ್ದು. ಬೇರೆ ಯಾವ ಗಳಿಗೆಯಲ್ಲಾದರೂ ಆಗಾಬಾಲಾ ಎದ್ದು ಹೋಗಿಬಿಡುತ್ತಿದ್ದ. ಈಗ ಎದ್ದು ಎಲ್ಲಿಗೆ ಹೋಗುತ್ತಾನೆ? ಮೇಲಾಗಿ ಬುಶ್ಶುಗಳು ಕಣ್ಣೆದುರಿಗೇ ಸರಿಯಾದ ಕೋನಕ್ಕೆ ಬಂದು ನಿಂತಿದ್ದವು. ಮಗಳು ಕೂತು ಹೋಗಲಿರುವ ಕಾರು. ಅವನು ನಟ್ಟು ಬಿಗಿಯತೊಡಗಿದ. ಉದ್ದನೆಯ ಸಲಾಕೆಗಳದು, ಅಡ್ಡ ಸಲಾಕೆಯದು, ಮುಂದಿನ ತೋಳುಗಳದು. ಆಗಲೇ ಬಿಗಿದದ್ದನ್ನು ಮತ್ತೊಮ್ಮೆ ಬಿಗಿದ. ಬಿಗಿಯಲು ಏನೂ ಉಳಿಯಲಿಲ್ಲ.

"ಆಯ್ತು. ಇಳೀರಿ. ಗಾಡಿ ಹಿಂದಕ್ಕೆ ತಳ್ಳಿ."

ಯಾರೂ ಅಲುಗಲಿಲ್ಲ. ಅಷ್ಟರಲ್ಲಿ ಅವನ ಕಣ್ಣೆದುರೇ ಹ್ಯಾಂಡ್‌ಬ್ರೇಕಿನ ತಂತಿ ಕರ್ರೆಂದು ಬಿಗಿದುಕೊಂಡಿತು. ಹಿಂದಿನ ಸೀಟಿನಿಂದ ಒಂದು ದಪ್ಪ ಕೈ ಮುಂದಕ್ಕೆ ಚಾಚಿ ಅದನ್ನು ಎಳೆದಿತ್ತು.

"ಅಲೆಕ್ಬರ್ ಮಾಮ," ಎಂದಿತು ಬಾಬಾಖಾನನ ದನಿ, "ಕೆಳಗೆ ಯಾರೋ ಕೂಗಿದ ಹಾಗಾಯ್ತಲ್ಲ?"

"ಕೂಗಿದ್ರು ಕಣಪ್ಪ" ಎಂದ ಮಾಮ, ಬಾಯಲ್ಲಿ ಸಕ್ಕರೆ ತುಂಡು ಇಟ್ಟುಕೊಂಡು. "ಯಾರೋ ಇಳೀರಿ ಅಂದ್ರು."

"ಯಾರಂತೆ ಕೇಳು. ನನಗೆ ಆ ದನಿ ಮರೆತುಹೋಗಿದೆ."

ಕೆಳಗೆ ಆಗಾಬಾಲಾನ ಕಿವಿ ಬಿಸಿಯಾಯಿತು. "ನಿಸಾ! ನಿನ್ನ ಪಕ್ಕ ಕೂತಿರೋ ದೊಡ್ಡಮನುಷ್ಯರಿಗೆ ಹೇಳು. ಕೆಲಸ ಮುಗೀತು, ಉಪಕಾರವಾಯ್ತು, ಇನ್ನು ಅವರು ದಯಮಾಡಿಸಬಹುದು."

"ನನ್ನ ಬಾಯಿಗೆ ಇವತ್ತು ರಜ ರೀ. ನೀವೇ ಹೇಳಿ. ನಡುವೆ ಇರೋದು ಒಂದು ತಗಡು, ಗೋಡೆಯಲ್ಲ."

"ಉಲ್ವಿ, ಹ್ಯಾಂಡ್‌ಬ್ರೇಕ್ ಬಿಡೋ!"

ಉಲ್ವಿ ಹಿಂದಿನ ಸೀಟಿನ ಕಡೆಗೆ ಕನ್ನಡಿಯಲ್ಲಿ ನೋಡಿದ. ಅಲ್ಲಿ ಕಂಡ ಮುಖ ನೋಡಿ ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡ. "ಮಾವ, ಹಿರಿಯರು ಎಳೆದಿದ್ದನ್ನ ನಾನು ಹೇಗೆ ಬಿಡಲಿ?"

"ಮಾಮ, ನೀನಾದ್ರೂ ಇಳಿ!"

"ಇಳೀಬೇಕು ಕಣೋ, ಚಹಾ ಕುಡಿದು ಒಂದಕ್ಕೆ ಅವಸರ ಆಗಿದೆ. ಆದ್ರೆ ಇಳಿದ್ರೆ ಮುಂದಿನದು ನನಗೆ ಯಾರು ಹೇಳ್ತಾರೆ?"

ಆಮೇಲೆ ಬಾಬಾಖಾನನ ದನಿ ಬಂತು. ಈಗ ಅದರಲ್ಲಿ ಕೀಟಲೆ ಇರಲಿಲ್ಲ.

"ನಿಸಾ, ನನಗೆ ಆ ಹಲಗೆಯಿಂದ ನೋವಾಗಲಿಲ್ಲಮ್ಮ. ಸೋತವನ ಕಂಕುಳಿಗೆ ಹಲಗೆ ಬರುತ್ತೆ, ಬರ್ಲಿ. ಅವತ್ತು ನಾನು ಮನೆಗೆ ಹೋಗಿ ಆ ಗೋಡೆ ಬಾಗಿಲಿನ ಚಿಲಕ ತೆಗೆದಿಟ್ಟೆ. ಬಿಸಿ ಆರಿದ ಮೇಲೆ ಬರ್ತಾನೆ, ಅಣ್ಣಾ ಅಂತಾನೆ, ಬೈದು ಚಹಾ ಕೊಡೋಣ ಅಂತ ಕಾದೆ. ಬರ್ಲಿಲ್ಲ. ಮಾರನೇ ದಿನಾನೂ ಬರ್ಲಿಲ್ಲ. ಆ ಚಿಲಕ ನಾನು ಇವತ್ತಿಗೂ ಹಾಕಿಲ್ಲ."

ಗುಂಡಿಯಲ್ಲಿ ಆಗಾಬಾಲಾ ಪಾನಾ ಕೆಳಗಿಟ್ಟ. ಎದುರಿಗೆ ಅಣ್ಣನ ಮುಖವಿದ್ದಿದ್ದರೆ ಅವನ ಬಾಯಿ ಖಂಡಿತ ತೆರೆಯುತ್ತಿರಲಿಲ್ಲ. ಈಗ ಎದುರಿಗಿದ್ದದ್ದು ಕೆಸರು ಮೆತ್ತಿದ ತಗಡು. ಅದಕ್ಕೆ ಹೇಳಬಹುದಿತ್ತು.

"ಬಂದಿದ್ದೆ ಅಣ್ಣ."

ಮೇಲೆ ಅಲೆಕ್ಬರ್ ಮಾಮ ಚಹಾದ ಲೋಟ ಕೆಳಗಿಟ್ಟು ಕಿವಿಗೊಟ್ಟ.

"ಬಂದಿದ್ದೆ. ಬಾಗಿಲವರೆಗೂ ಬಂದೆ. ಒಳಗೆ ನೀನು ಬೀಗರ ಜೊತೆ ಜೋರಾಗಿ ನಗ್ತಾ ಇದ್ದೆ. ನನ್ನ ಮಾತು ಆಡಿಕೊಂಡೇ ನಗ್ತಿದ್ದೀರಿ ಅನ್ಕೊಂಡೆ. ಇಷ್ಟು ನಗೋನಿಗೆ ನನ್ನ ತಪ್ಪೊಪ್ಪಿಗೆ ಯಾಕೆ ಬೇಕು ಅಂತ ವಾಪಸ್ ಬಂದೆ."

"ನಗ್ತಾ ಇದ್ನಾ?" ಬಾಬಾಖಾನನ ದನಿ ಏರಿತು. ಕಾರು ಅಲುಗಾಡಿತು. "ಬೀಗರ ಮುಂದೆ ಕೂತು ಅಳೋಕಾಗುತ್ತೇನೋ, ದಡ್ಡ ಮುಂಡೇದೆ!"

ನಿಸಾ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಹೊರಗೆ ಬಾಗಿಲಿಗೆ ಒರಗಿ ನಿಂತಿದ್ದ ಸೆನೆಮ್ ನೆಲ ನೋಡುತ್ತಿದ್ದಳು. ಬಂಪರಿನ ಕೆಳಗಿನ ಸಂದಿಯಿಂದ ಆಗಾಬಾಲಾನಿಗೆ ಅವಳ ಚಪ್ಪಲಿ ಕಾಣುತ್ತಿತ್ತು. ಆ ಚಪ್ಪಲಿ ಹಾಕಿಕೊಂಡು ಅವಳು ಈ ಅಂಗಳದಲ್ಲಿ ಓಡಾಡುವುದು ಇನ್ನು ಕೆಲವೇ ದಿನ ಎಂಬುದು ಅವನಿಗೆ ಈಗಷ್ಟೇ ಗೊತ್ತಾದ ಹಾಗಾಯಿತು.

"ತಪ್ಪಾಯ್ತು ಅಣ್ಣ" ಎಂದ. "ನಿನ್ನ ಬೀಗರ ಮುಂದೆ ಹಾಗೆ ಮಾಡಬಾರದಿತ್ತು. ಅವತ್ತೇ ಗೊತ್ತಿತ್ತು, ಹಾಳು ಜಂಬ ಬಿಡಲಿಲ್ಲ. ನನ್ನ ಮಗಳಿಗೆ ಒಡಹುಟ್ಟಿದವರಿಲ್ಲ. ಅವಳ ಸೊಂಟಕ್ಕೆ ಪಟ್ಟಿ ನೀನು ಕಟ್ಟಬೇಕು. ನನ್ನ ಮೇಲೆ ಸಿಟ್ಟಿದ್ರೆ ಇಟ್ಕೋ, ಆದ್ರೆ ಅವಳನ್ನ ಬರೀ ಸೊಂಟದಲ್ಲಿ ಕಳಿಸಬೇಡ. ನೀನಿಲ್ಲದೆ ಅವಳು ನನ್ನ ಬಾಗಿಲು ದಾಟೋದನ್ನ ನೋಡೋ ಶಕ್ತಿ ನನಗಿಲ್ಲ."

ಹಿಂದಿನ ಬಲಬದಿಯ ಸ್ಪ್ರಿಂಗು ಮೆಲ್ಲಗೆ ಉದ್ದವಾಯಿತು, ತಗಡು ಮೂಗಿನಿಂದ ದೂರ ಸರಿಯಿತು. ಕಾರಿನ ಬಾಗಿಲು ಮುಚ್ಚಿತು. ಅಣ್ಣ ಇಳಿದು ಹೊರಟ ಎಂದುಕೊಂಡ ಆಗಾಬಾಲಾ ಗುಂಡಿಯ ಗೋಡೆಗೆ ಹಣೆ ಆನಿಸಿದ. ಕೇಳಬಾರದಿತ್ತು ಅನ್ನಿಸಲಿಲ್ಲ. ಇಷ್ಟು ತಡ ಮಾಡಬಾರದಿತ್ತು ಅನ್ನಿಸಿತು.

ಭಾರದ ಹೆಜ್ಜೆ ಕಾರನ್ನು ಸುತ್ತಿ ಮುಂದಕ್ಕೆ ಬಂತು. ಯಾರೋ ಏದುಸಿರು ಬಿಡುತ್ತ, ಮೊಣಕಾಲೂರಿ, ಮೊಣಕೈಯೂರಿ, ಹೊಟ್ಟೆ ನೆಲಕ್ಕಿಟ್ಟರು. ಬಂಪರಿನ ಕೆಳಗಿನ ಸಂದಿಯಲ್ಲಿ ಬಾಬಾಖಾನನ ಅಗಲ ಮುಖದ ಅರ್ಧಭಾಗ ಕಾಣಿಸಿಕೊಂಡಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಗಡ್ಡ ಬೆಳ್ಳಗಾಗಿದೆಯಲ್ಲೋ" ಎಂದ ಅಣ್ಣ.

"ನಿನ್ನದೇನು ಕರ್ರಗಿದೆಯಾ?"

"ಪಟ್ಟಿ ತಂದಿಟ್ಟಿದ್ದೀನಿ. ನಿಶ್ಚಯವಾದ ದಿನವೇ ಪೇಟೆಗೆ ಹೋಗಿ ತಂದೆ. ನೀನು ಕರೀದೇ ಇದ್ದಿದ್ರೆ ಮದುವೆ ದಿನ ಗೋಡೆ ಹಾರಿ ಬಂದು ಕಟ್ಟಿ ಹೋಗ್ತಿದ್ದೆ."

"ನೀನು? ಗೋಡೆ?" ಆಗಾಬಾಲಾ ಆ ಗಾತ್ರವನ್ನು ನೋಡಿದ. ನಗು ಬಂತು. ನಗುವಿನ ಜೊತೆ ಇನ್ನೊಂದೂ ಬಂತು, ಗ್ರೀಸು ಮೆತ್ತಿದ ಕೈಯಲ್ಲಿ ಅದನ್ನು ಒರೆಸಿಕೊಂಡು ಮುಖವೆಲ್ಲ ಕಪ್ಪಾಯಿತು.

"ಕೈ ಕೊಡು, ಮೇಲೆ ಬಾ."

"ಹೇಗೆ ಬರಲಿ? ಮೊದ್ಲು ಆ ಹ್ಯಾಂಡ್‌ಬ್ರೇಕ್ ಬಿಡು ಮಾರಾಯ!"

ಅಲೆಕ್ಬರ್ ಮಾಮ ಆಗ ಮಾತ್ರ ಇಳಿದು, ದ್ರಾಕ್ಷಿ ಚಪ್ಪರದ ಆಚೆಗೆ ಅವಸರವಾಗಿ ನಡೆದ.

ಮದುವೆಯ ದಿನ ಓಣಿಯ ತುಂಬ ಝುರ್ನಾ ಎಂಬ ಓಲಗದ ದನಿ, ನಗಾರಿಯ ಸದ್ದು. ನೆಲಕ್ಕೆ ಹೊಟ್ಟೆ ತಗಲುವಂತಿದ್ದ ಬಿಳಿ ಝಿಗುಲಿ ಗೇಟಿನ ಮುಂದೆ ನಿಂತಿತ್ತು, ಹುಡುಗರು ಅದರ ಸುತ್ತ ಕುಕ್ಕರುಗಾಲಿನಲ್ಲಿ ಕೂತು ತಲೆದೂಗುತ್ತಿದ್ದರು. ಒಳಗೆ ಸೆನೆಮ್ ಬಿಳಿ ಉಡುಪಿನಲ್ಲಿ ಬಾಗಿಲ ಬಳಿ ನಿಂತಿದ್ದಳು. ಒಬ್ಬಾಕೆ ದೀಪ ಹಿಡಿದಿದ್ದಳು, ಇನ್ನೊಬ್ಬಾಕೆ ಕನ್ನಡಿ. ಬಾಬಾಖಾನ್ ಹೊಸ ಕೋಟು ಹಾಕಿಕೊಂಡು, ಕೆಂಪು ರೇಷ್ಮೆಯ ಪಟ್ಟಿಯನ್ನು ಎರಡೂ ಅಂಗೈ ಮೇಲೆ ಇಟ್ಟುಕೊಂಡು ಬಂದ. ಒಂದು ಸಲ ಸೊಂಟಕ್ಕೆ ಸುತ್ತಿ ತೆಗೆದ. ಎರಡನೆಯ ಸಲ ಸುತ್ತಿ ತೆಗೆದ. ಮೂರನೆಯ ಸಲ ಕಟ್ಟಬೇಕು.

ಕಟ್ಟಲಾಗಲಿಲ್ಲ. ಹೂವಿನ ಎಳೆ ಕಾಂಡವನ್ನು ಮುರಿಯದೆ ಕಟ್ಟುವ ಬೆರಳುಗಳಿಗೆ ಗಂಟು ಒಲಿಯಲಿಲ್ಲ. ರೇಷ್ಮೆ ಜಾರುತ್ತಿತ್ತು. ಮತ್ತೆ ಹಿಡಿದ, ಮತ್ತೆ ಜಾರಿತು. ಹೆಂಗಸರು ಪಿಸುಗುಟ್ಟಿದರು. ಬಾಬಾಖಾನ್ ತಲೆಯೆತ್ತದೆ ಕರೆದ:

"ಆಗಾಬಾಲಾ, ಬಾರೋ ಇಲ್ಲಿ. ಗಂಟಿನ ಮೇಲೆ ಬೆರಳಿಡು."

ಪಟ್ಟಿಗೆ ಅಪ್ಪ ಕೈ ಹಚ್ಚುವ ಪದ್ಧತಿ ನಮ್ಮಲ್ಲಿಲ್ಲ. ಹಿರಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಯಾರೂ ತಡೆಯಲಿಲ್ಲ. ಆಗಾಬಾಲಾ ಮುಂದೆ ಬಂದು, ಎಷ್ಟು ತಿಕ್ಕಿದರೂ ಉಗುರಿನಡಿ ಕಪ್ಪು ಹೋಗದ ತೋರುಬೆರಳನ್ನು ಮೊದಲ ಸುತ್ತಿನ ಮೇಲೆ ಇಟ್ಟು ಒತ್ತಿ ಹಿಡಿದ. ಅಣ್ಣ ಮೇಲಿನ ಸುತ್ತನ್ನು ಎಳೆದು ಬಿಗಿದ. ಗಂಟು ಬಿತ್ತು. ಸೆನೆಮ್ ಅಳುತ್ತ ನಗುತ್ತಿದ್ದಳು.

ಗಂಟು ಬಿದ್ದ ಮೇಲೂ ಆಗಾಬಾಲಾ ಬೆರಳು ತೆಗೆಯಲಿಲ್ಲ. ತೆಗೆದರೆ ಮಗಳು ಹೊರಡುತ್ತಾಳೆ. ಹೊರಗೆ ಕಾರಿನ ಹಾರ್ನ್ ಕೂಗಿತು, ಮತ್ತೆ ಕೂಗಿತು. ಅವನು ಹಾಗೆಯೇ ನಿಂತಿದ್ದ.

ಬಾಬಾಖಾನ್ ತನ್ನ ದೊಡ್ಡ ಕೈಯನ್ನು ತಮ್ಮನ ಕೈಯ ಮೇಲೆ ಇಟ್ಟು, ಅವನಿಗೆ ಮಾತ್ರ ಕೇಳುವಂತೆ ಹೇಳಿದ: "ಬಿಡೋ ಈಗ. ಸಂಜೆ ಮನೆ ಖಾಲಿ ಅನ್ಸುತ್ತೆ, ನಾನು ಬರ್ತೀನಿ."

ಆಗ ಬಿಟ್ಟ.